ಒಂದು ‘ಸೂಪರ್’ ಇಲ್ಲದ್ದಕ್ಕೆ 2,20,000 ರೂಪಾಯಿ: ವಿಮಾ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಿಗೆ ಬಹಿರಂಗ ಪತ್ರ

ಗೆ,
ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ವಿಷಯ: ನಿವೃತ್ತರು ಕೊಳ್ಳುವ ಟಾಪ್-ಅಪ್ ಆರೋಗ್ಯ ವಿಮೆಯ ಗೊಂದಲ ಕುರಿತು.

ಮಾನ್ಯರೇ,

ನನಗೆ 67 ವರ್ಷ. ನನ್ನ ಹೆಂಡತಿಗೆ 64. ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ 34 ವರ್ಷ ದುಡಿದು ನಿವೃತ್ತನಾದವನು ನಾನು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಊರವರ ಬಿಲ್ಲಿನಲ್ಲಿ ಹತ್ತು ಪೈಸೆ ಹೆಚ್ಚುಕಮ್ಮಿ ಆದರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದವನಿಗೆ, ತನ್ನ ಪಾಲಿಸಿಯ ಹೆಸರಿನಲ್ಲೇ ಒಂದು ಪದ ಇಲ್ಲ ಅನ್ನುವುದು ಕಾಣಲಿಲ್ಲ. ಆ ಪದ ‘ಸೂಪರ್’. ಅದಿಲ್ಲದ್ದಕ್ಕೆ ನಮ್ಮ ಉಳಿತಾಯದಿಂದ ಹೋಗಿದ್ದು 2,20,000 ರೂಪಾಯಿ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ನಿವೃತ್ತರಿಗೂ ಗುಂಪು ವಿಮೆಯಲ್ಲಿ ಮುಂದುವರಿಯುವ ಅವಕಾಶ ಇದೆ. ಕಂತು ನಮ್ಮದೇ. ಗಂಡ ಹೆಂಡತಿ ಇಬ್ಬರಿಗೂ ಸೇರಿ ವರ್ಷಕ್ಕೆ 3 ಲಕ್ಷ ರೂಪಾಯಿ ರಕ್ಷಣೆ. ನಾನು ನಿವೃತ್ತನಾದಾಗ ಅದು ಸಾಕು ಅನ್ನಿಸಿತ್ತು. ಆಮೇಲೆ ಆಸ್ಪತ್ರೆಯ ದರಗಳನ್ನು ನೋಡುತ್ತಾ ಹೋದ ಹಾಗೆ ಸಾಲದು ಅನ್ನಿಸತೊಡಗಿತು. ಈ ವಯಸ್ಸಿನಲ್ಲಿ ಹೊಸದಾಗಿ 10 ಲಕ್ಷದ ಪೂರ್ತಿ ಪಾಲಿಸಿ ಕೊಳ್ಳಲು ಹೋದರೆ ಕಂತು ಕೇಳಿಯೇ ಎದೆ ನೋವು ಬರುತ್ತದೆ. ಆಗ ಪರಿಚಯದ ಏಜೆಂಟ್ ಒಬ್ಬ ಹೇಳಿದ್ದು ಟಾಪ್-ಅಪ್ ದಾರಿ. ಮೊದಲ 3 ಲಕ್ಷ ನಿಮ್ಮ ಹಳೆಯ ಪಾಲಿಸಿ ನೋಡಿಕೊಳ್ಳುತ್ತದೆ, ಅದರ ಮೇಲೆ ಹೋದದ್ದನ್ನು ಇದು ಕೊಡುತ್ತದೆ, ಅದಕ್ಕೇ ಕಂತು ಕಮ್ಮಿ ಎಂದ. ಮಾತು ಸರಿಯಾಗಿಯೇ ಇತ್ತು. ಎರಡು ಬಗೆ ಇವೆ, ಒಂದು ಟಾಪ್-ಅಪ್, ಒಂದು ಸೂಪರ್ ಟಾಪ್-ಅಪ್ ಎಂದೂ ಹೇಳಿದ. ವ್ಯತ್ಯಾಸ ಏನಪ್ಪಾ ಅಂದೆ. “ಸಾರ್, ಎರಡೂ ಹತ್ತು ಲಕ್ಷವೇ. ಸೂಪರ್ ಅನ್ನೋದಕ್ಕೆ ಸುಮ್ನೆ ಕಂತು ಜಾಸ್ತಿ” ಅಂದ. ಅವನು ಕೆಟ್ಟ ಹುಡುಗ ಅಲ್ಲ. ಅವನಿಗೂ ಗೊತ್ತಿರಲಿಲ್ಲ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಅಗ್ಗದ್ದಕ್ಕೆ ಸಹಿ ಹಾಕಿದೆ.

ಕಳೆದ ಜೂನ್‌ನಲ್ಲಿ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ, ಒಳಗೆ ರಾಡು, ಎಂಟು ದಿನ ಆಸ್ಪತ್ರೆ. 2,40,000 ರೂಪಾಯಿ. ಗುಂಪು ವಿಮೆ ಕೊಟ್ಟಿತು. (ಕೈಗವಸು, ಮಾಸ್ಕ್ ಎಂದು ಸಣ್ಣಪುಟ್ಟದ್ದು ಕಡಿದಿದ್ದನ್ನು ಬಿಟ್ಟು, ಲೆಕ್ಕ ಸುಲಭವಾಗಲಿ ಎಂದು ದುಂಡು ಸಂಖ್ಯೆ ಹೇಳುತ್ತಿದ್ದೇನೆ.) ಡಿಸೆಂಬರ್‌ನಲ್ಲಿ ಅವಳಿಗೇ ನ್ಯುಮೋನಿಯಾ. ಐಸಿಯುನಲ್ಲಿ ಆರು ದಿನ, ವಾರ್ಡಿನಲ್ಲಿ ನಾಲ್ಕು ದಿನ. 2,80,000 ರೂಪಾಯಿ. ಗುಂಪು ವಿಮೆಯಲ್ಲಿ ಉಳಿದಿದ್ದ 60,000 ಬಂತು. ಮಿಕ್ಕ 2,20,000ಕ್ಕೆ ನಾನು ನಿಶ್ಚಿಂತೆಯಿಂದ ಟಾಪ್-ಅಪ್ ಕಂಪನಿಗೆ ಅರ್ಜಿ ಹಾಕಿದೆ. ವರ್ಷದ ಒಟ್ಟು ಖರ್ಚು 5,20,000. 3 ಲಕ್ಷ ಆಗಲೇ ದಾಟಿದೆ ಅಲ್ವಾ, ಇನ್ನೇನು ತಕರಾರು ಅಂದುಕೊಂಡೆ.

ಉತ್ತರ ಎರಡು ಸಾಲಿನದು. ಡಿಡಕ್ಟಿಬಲ್ ದಾಟಿಲ್ಲ, ಕ್ಲೇಮ್ ಇಲ್ಲ. (ಡಿಡಕ್ಟಿಬಲ್ ಎಂದರೆ ಈ ಪಾಲಿಸಿ ಹಣ ಕೊಡಲು ಶುರು ಮಾಡುವ ಮೊದಲು ಖರ್ಚು ದಾಟಬೇಕಾದ ಮೊತ್ತ.)

ಪಾಲಿಸಿ ತೆಗೆದು ಓದಿದೆ. ನನ್ನ ಪಾಲಿಸಿಯಲ್ಲಿ 3 ಲಕ್ಷದ ಡಿಡಕ್ಟಿಬಲ್ ‘ಈಚ್ ಆ್ಯಂಡ್ ಎವ್ರಿ ಕ್ಲೇಮ್’ಗೆ. ಅಂದರೆ ಒಂದೇ ಸಲದ ಆಸ್ಪತ್ರೆ ಬಿಲ್ಲು 3 ಲಕ್ಷ ದಾಟಬೇಕು. ದಾಟಿದ ಮೇಲಿನದ್ದು ಮಾತ್ರ ಸಿಗುತ್ತದೆ. 2,40,000 ದಾಟಲಿಲ್ಲ. 2,80,000ವೂ ದಾಟಲಿಲ್ಲ. ಹಾಗೆ ವರ್ಷದಲ್ಲಿ ಐದು ಸಲ ಆಸ್ಪತ್ರೆ ಸೇರಿ 14 ಲಕ್ಷ ಖರ್ಚಾದರೂ, ಪ್ರತಿ ಬಿಲ್ಲು 2,80,000 ಇದ್ದರೆ, ನನ್ನ ಟಾಪ್-ಅಪ್ ಒಂದು ರೂಪಾಯಿ ಕೊಡಬೇಕಾಗಿಲ್ಲ. ಸೂಪರ್ ಟಾಪ್-ಅಪ್‌ನಲ್ಲಿ ಹಾಗಲ್ಲ. ಅಲ್ಲಿ ವರ್ಷದ ಬಿಲ್ಲುಗಳನ್ನೆಲ್ಲ ಕೂಡುತ್ತಾರೆ. ಕೂಡಿದ್ದು 3 ಲಕ್ಷ ದಾಟಿದರೆ ಮೇಲಿನದ್ದು ಸಿಗುತ್ತದೆ. ಅದು ನನ್ನ ಹತ್ತಿರ ಇದ್ದಿದ್ದರೆ 5,20,000ದಲ್ಲಿ 3 ಲಕ್ಷ ಕಳೆದು 2,20,000. ಸರಿಯಾಗಿ ನಾನು ಕೈಯಿಂದ ಕಟ್ಟಿದಷ್ಟೇ.

ಕಂಪನಿ ಮೋಸ ಮಾಡಿತು ಎಂದು ನಾನು ಹೇಳುತ್ತಿಲ್ಲ. ಅವರು ಬರೆದಿದ್ದನ್ನೇ ಮಾಡಿದರು. ಸಹಿ ನನ್ನದೇ. ಆದರೆ ಅಧ್ಯಕ್ಷರೇ, ಒಂದು ಪ್ರಶ್ನೆ. ವಯಸ್ಸಾದವರು ಆಸ್ಪತ್ರೆ ಸೇರುವುದು ಹೇಗೆ? ಒಂದೇ ಸಲ ಹೋಗಿ ದೊಡ್ಡ ಬಿಲ್ಲು ಮಾಡಿಕೊಂಡು ಬರುವವರು ಇದ್ದಾರೆ, ನಿಜ. ಆದರೆ ನಮ್ಮ ಪಾರ್ಕಿನ ಬೆಂಚಿನಲ್ಲಿ ಕೂರುವ ನಮ್ಮಂಥವರ ಕಥೆ ಬೇರೆ. ಒಂದು ಸಲ ಬಿದ್ದದ್ದು, ಮೂರು ತಿಂಗಳಿಗೆ ಕಫ, ಆಮೇಲೆ ಮೂತ್ರದ ಸೋಂಕು, ಮತ್ತೆ ಸೋಡಿಯಂ ಇಳಿದು ನಾಲ್ಕು ದಿನ. ಬಿಡಿ ಬಿಡಿಯಾಗಿ ಬರುವ ಬಿಲ್ಲುಗಳು. ಅಂಥವರಿಗೆ ಪ್ರತಿ ಬಿಲ್ಲಿಗೂ 3 ಲಕ್ಷದ ಹೊಸ್ತಿಲು ಇಟ್ಟ ಪಾಲಿಸಿ ಮಾರುವುದು ಎಂದರೆ ಕುಂಟನಿಗೆ ಮಹಡಿ ಮೇಲಿನ ಮನೆ ಬಾಡಿಗೆಗೆ ಕೊಟ್ಟ ಹಾಗೆ. ಮನೆ ಇದೆ, ಕರಾರು ಸರಿ ಇದೆ, ಹತ್ತುವುದು ಮಾತ್ರ ಆಗುವುದಿಲ್ಲ.

ನಿಮ್ಮ ಪ್ರಾಧಿಕಾರ ಹಿರಿಯರಿಗಾಗಿ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. 2024ರ ಏಪ್ರಿಲ್ 1ರಿಂದ ಬಂದ ನಿಯಮಗಳಲ್ಲಿ, ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿ 48 ತಿಂಗಳಿಂದ 36 ತಿಂಗಳಿಗೆ ಇಳಿಯಿತು. ಐದು ವರ್ಷ ಬಿಡದೆ ಕಂತು ಕಟ್ಟಿದವರ ಕ್ಲೇಮನ್ನು, ಮೋಸ ಸಾಬೀತಾಗದ ಹೊರತು, ಆ ಕಾಯಿಲೆ ಹೇಳಿರಲಿಲ್ಲ ಈ ಕಾಯಿಲೆ ಹೇಳಿರಲಿಲ್ಲ ಎಂದು ತಳ್ಳುವ ಹಾಗಿಲ್ಲ. ಮೊದಲು ಇದಕ್ಕೆ ಎಂಟು ವರ್ಷ ಬೇಕಿತ್ತು. ಪಾಲಿಸಿ ಬೇಡ ಅನ್ನಿಸಿದರೆ ಹಿಂದಿರುಗಿಸಲು 30 ದಿನ ಸಿಕ್ಕಿತು. ಅದೇ ವರ್ಷದ ಮೇ ತಿಂಗಳ ಸುತ್ತೋಲೆಯಲ್ಲಿ ನಗದುರಹಿತ ಚಿಕಿತ್ಸೆಗೆ ಒಂದು ಗಂಟೆಯಲ್ಲಿ, ಬಿಡುಗಡೆಗೆ ಮೂರು ಗಂಟೆಯಲ್ಲಿ ಒಪ್ಪಿಗೆ ಹೇಳಬೇಕು ಎಂದಿರಿ. 2025ರ ಜನವರಿಯಲ್ಲಿ, 60 ದಾಟಿದವರ ಕಂತನ್ನು ವರ್ಷಕ್ಕೆ ಶೇಕಡ 10ಕ್ಕಿಂತ ಜಾಸ್ತಿ ಏರಿಸುವುದಾದರೆ ಮೊದಲು ನಿಮ್ಮ ಹತ್ತಿರ ಬರಬೇಕು ಎಂದು ಕಂಪನಿಗಳಿಗೆ ಹೇಳಿದಿರಿ. ಇವೆಲ್ಲಕ್ಕೂ ಕೃತಜ್ಞನಾಗಿದ್ದೇನೆ.

ಇಷ್ಟೆಲ್ಲ ಇದ್ದೂ ನಾನು ಬಿದ್ದೆ. ನನಗೆ ಬೇಕಾಗಿದ್ದ ಮಾತನ್ನು ಬೇಕಾದ ಹೊತ್ತಿನಲ್ಲಿ ನನ್ನ ಭಾಷೆಯಲ್ಲಿ ಯಾರೂ ಹೇಳಲಿಲ್ಲ. ಪಾಲಿಸಿಯ ಜೊತೆ ಗ್ರಾಹಕರ ಮಾಹಿತಿ ಹಾಳೆ ಕೊಡಬೇಕು ಎಂಬ ನಿಯಮ ನಿಮ್ಮದೇ. ಒಳ್ಳೆಯ ನಿಯಮ. ನನಗೂ ಆ ಹಾಳೆ ಬಂದಿತ್ತು, ಇಂಗ್ಲಿಷಿನಲ್ಲಿ. ಗ್ರಾಹಕ ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂದು ನೀವು ಹೇಳಿದ್ದೀರಿ ಅಂತ ನನಗೆ ತಿಳಿದಿದ್ದು ಕ್ಲೇಮ್ ತಿರಸ್ಕಾರವಾದ ಮೇಲೆ. ಕೇಳಬಹುದು ಅನ್ನುವುದೇ ಗೊತ್ತಿಲ್ಲದವರು ಕೇಳುವುದು ಹೇಗೆ? ಆ ಹಾಳೆಯಲ್ಲಿ ಡಿಡಕ್ಟಿಬಲ್ ಎಂಬ ಸಾಲಿನ ಎದುರು 3,00,000 ಎಂದಿತ್ತು. ಅದರ ಮುಂದಿನ ಇಂಗ್ಲಿಷ್ ಪದಗಳನ್ನು ನಾನು ಓದಿದ್ದೆ, ಆದರೆ ಅರ್ಥ ಮಾಡಿಕೊಂಡಿರಲಿಲ್ಲ. ಲೆಡ್ಜರ್ ಓದುವ ಇಂಗ್ಲಿಷ್ ಬೇರೆ, ವಕೀಲರು ಬರೆದ ಇಂಗ್ಲಿಷ್ ಬೇರೆ. 30 ದಿನ ಇತ್ತು, ಹಿಂದಿರುಗಿಸಬಹುದಿತ್ತು. ನಾನು ಮಾಡಿದ್ದು ಅದನ್ನು ಫೈಲಿಗೆ ಹಾಕಿ ಬೀರುವಿನಲ್ಲಿ ಇಟ್ಟದ್ದು.

ನನ್ನ ಕಥೆ ಹೇಳಿದ ಮೇಲೆ ಪಾರ್ಕಿನ ಗೆಳೆಯರೂ ತಮ್ಮ ತಮ್ಮ ಪಾಲಿಸಿ ಹಿಡಿದು ಬಂದರು. ಎರಡು ವಾರ ನಮ್ಮ ಮನೆ ವರಾಂಡ ಹಳೆಯ ಅಕೌಂಟ್ಸ್ ಆಫೀಸಿನ ಹಾಗೆಯೇ ಆಗಿತ್ತು. ಆಗ ಕಂಡ ಇನ್ನೆರಡು ಮೂರು ಸಂಗತಿಗಳು ನನ್ನದಕ್ಕಿಂತಲೂ ಸೂಕ್ಷ್ಮ.

ಒಬ್ಬರದು ಸೂಪರ್ ಟಾಪ್-ಅಪ್ಪೇ. ಸರಿಯಾದದ್ದನ್ನೇ ಕೊಂಡಿದ್ದಾರೆ. ಆದರೆ ಅವರ ಗುಂಪು ವಿಮೆಯ ವರ್ಷ ನವೆಂಬರ್‌ನಿಂದ ಅಕ್ಟೋಬರ್. ಸೂಪರ್ ಟಾಪ್-ಅಪ್ ವರ್ಷ ಮಾರ್ಚ್‌ನಿಂದ ಫೆಬ್ರವರಿ. ಇದರಲ್ಲೇನು ತೊಂದರೆ ಅನ್ನಿಸಬಹುದು. ಅವರು ಜನವರಿಯಲ್ಲಿ 3 ಲಕ್ಷ ಖರ್ಚು ಮಾಡಿ ಗುಂಪು ವಿಮೆ ಮುಗಿಸಿಕೊಂಡರು ಅಂತ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಮತ್ತೆ 2 ಲಕ್ಷ. ಗುಂಪು ವಿಮೆಯಲ್ಲಿ ನವೆಂಬರ್‌ವರೆಗೆ ಏನೂ ಇಲ್ಲ. ಸೂಪರ್ ಟಾಪ್-ಅಪ್‌ನ ಲೆಕ್ಕ ಮಾರ್ಚ್‌ನಲ್ಲಿ ಹೊಸದಾಗಿ ಸೊನ್ನೆಯಿಂದ ಶುರುವಾಗಿದೆ, ಅಲ್ಲಿ ಕೂಡಿದ್ದು 2 ಲಕ್ಷ ಮಾತ್ರ, 3 ಲಕ್ಷ ದಾಟಿಲ್ಲ. ಎರಡು ಪಾಲಿಸಿ ಇದ್ದೂ ಎರಡೂ ಕೈ ಎತ್ತುತ್ತವೆ. ದೇವರು ದೊಡ್ಡವನು, ಅವರಿಗೆ ಇನ್ನೂ ಹಾಗೆ ಆಗಿಲ್ಲ. ಆದರೆ ಪಾಲಿಸಿ ಮಾರುವಾಗ “ನಿಮ್ಮ ಮೂಲ ಪಾಲಿಸಿ ಯಾವ ತಿಂಗಳು ನವೀಕರಣ ಆಗುತ್ತದೆ, ಇದನ್ನೂ ಅದೇ ದಿನದಿಂದ ಶುರು ಮಾಡೋಣ” ಎಂದು ಒಬ್ಬರೂ ಕೇಳಿರಲಿಲ್ಲ. ಕೇಳಲು ಅರ್ಧ ನಿಮಿಷ ಸಾಕು.

ಇನ್ನೊಬ್ಬರಿಗೆ ಹೃದಯದ ತೊಂದರೆ ಹಳೆಯದು. ಅವರ ಗುಂಪು ವಿಮೆ ಹಳೆಯ ಕಾಯಿಲೆಗೂ ಮೊದಲ ದಿನದಿಂದ ಹಣ ಕೊಡುತ್ತದೆ. ಹಾಗಾಗಿ ಮೇಲಿನದ್ದೂ ಹಾಗೆಯೇ ಇರುತ್ತದೆ ಎಂದು ನಂಬಿದ್ದಾರೆ. ಅವರ ಸೂಪರ್ ಟಾಪ್-ಅಪ್‌ನಲ್ಲಿ ಆ ಕಾಯಿಲೆಗೆ 36 ತಿಂಗಳು ಕಾಯಬೇಕು. ಕೊಂಡು ಇನ್ನೂ ಹದಿನಾಲ್ಕು ತಿಂಗಳು. ಯಾವ ಕಾಯಿಲೆಗೆ ಹೆದರಿ ಕೊಂಡರೋ ಅದಕ್ಕೇ ಇನ್ನೂ ಎರಡು ವರ್ಷದ ಹತ್ತಿರ ಹತ್ತಿರ ರಕ್ಷಣೆ ಇಲ್ಲ. ಅವರಿಗೆ ಇದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಆವತ್ತು ಅವರು ಕಾಫಿ ಕುಡಿಯದೆ ಎದ್ದು ಹೋದರು.

ಮೂರನೆಯವರದು ನೆಲದ ಮಟ್ಟದ ತೊಂದರೆ: ಮೂಲ ಪಾಲಿಸಿಯಲ್ಲೇ ಕೋಣೆ ಬಾಡಿಗೆಗೆ ದಿನಕ್ಕೆ ರಕ್ಷಣೆಯ ಶೇಕಡ 1ರ ಮಿತಿ, ಅಂದರೆ 3,000 ರೂಪಾಯಿ. 6,000ದ ಕೋಣೆ ಸೇರಿದರೆ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕದಂಥವೂ ಅರ್ಧಕ್ಕೆ ಇಳಿಯುತ್ತವೆ. ಔಷಧಿ, ಪರೀಕ್ಷೆ, ದೇಹದೊಳಗೆ ಇಡುವ ಸಾಧನಗಳ ಖರ್ಚನ್ನು ಹೀಗೆ ಕಡಿಯಬಾರದು ಎಂದು ನೀವು 2020ರಲ್ಲೇ ಹೇಳಿದ್ದೀರಿ. ಅವರ ಬಿಲ್ಲಿನಲ್ಲಿ ಔಷಧಿಗೂ ಕತ್ತರಿ ಬಿದ್ದಿತ್ತು. ದೂರು ಬರೆದುಕೊಟ್ಟಿದ್ದೇನೆ.

ಇಲ್ಲಿ ಒಂದು ಮಾತು, ಇದು ನಿಮ್ಮ ಇಲಾಖೆಯದ್ದಲ್ಲ, ಆದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಮೊದಲು ಶೇಕಡ 18 ಇತ್ತು. ಸಂತೋಷ. ಆದರೆ ಗುಂಪು ವಿಮೆಗೆ ಆ ವಿನಾಯಿತಿ ಇಲ್ಲ. ನಮ್ಮ ಗುಂಪು ವಿಮೆಯ ಕಂತನ್ನು ಕಟ್ಟುವುದು ಕಂಪನಿ ಅಲ್ಲ, ಪಿಂಚಣಿಯಿಂದ ನಾವೇ. 40,000 ಕಂತಿಗೆ 7,200 ತೆರಿಗೆ. ಅದೇ ವಯಸ್ಸಿನ ಪಕ್ಕದ ಮನೆಯವರು ತಾವೇ ಪಾಲಿಸಿ ಕೊಂಡಿದ್ದರೆ ಅವರಿಗೆ ಸೊನ್ನೆ. ಜಿಎಸ್‌ಟಿ ಮಂಡಳಿಯವರ ಕಿವಿಗೆ ನಿಮ್ಮ ಮಾತು ನನ್ನ ಮಾತಿಗಿಂತ ಬೇಗ ಮುಟ್ಟುತ್ತದೆ.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ. ಮೊದಲನೆಯದೇ ಮುಖ್ಯ. ಅದೊಂದು ಆದರೆ ಮಿಕ್ಕವು ಅರ್ಧ ಆದಂತೆ.

2020ರ ಏಪ್ರಿಲ್‌ನಲ್ಲಿ ನೀವು ‘ಆರೋಗ್ಯ ಸಂಜೀವನಿ’ ಎಂಬ ಮಾದರಿ ಪಾಲಿಸಿ ತಂದಿರಿ. ಯಾವ ಕಂಪನಿಯಲ್ಲಿ ಕೊಂಡರೂ ಷರತ್ತು ಒಂದೇ. ನಮ್ಮಂಥವರಿಗೆ ಅದರಿಂದ ಆದ ಉಪಕಾರ ದೊಡ್ಡದು. ಕಂತು ಎಷ್ಟು, ಆಸ್ಪತ್ರೆ ಯಾವುದು, ಕ್ಲೇಮ್ ಹೇಗೆ ಕೊಡುತ್ತಾರೆ ಎಂದು ಮಾತ್ರ ನೋಡಿದರೆ ಸಾಕು. ಸಣ್ಣ ಅಕ್ಷರ ಹುಡುಕಬೇಕಿಲ್ಲ. ಹಾಗೆಯೇ ಒಂದು ಮಾದರಿ ಸೂಪರ್ ಟಾಪ್-ಅಪ್ ಯಾಕೆ ಇರಬಾರದು? ಡಿಡಕ್ಟಿಬಲ್ ವರ್ಷದ ಒಟ್ಟು ಖರ್ಚಿನ ಮೇಲೆ. ಮೂಲ ಪಾಲಿಸಿಯ ನವೀಕರಣದ ದಿನವೇ ಇದರ ದಿನ. ಮೂಲ ಪಾಲಿಸಿ ಯಾವ ಕಂಪನಿಯದ್ದಾದರೂ ಸರಿ, ಅದು ಒಪ್ಪಿದ ಬಿಲ್ಲನ್ನು ಡಿಡಕ್ಟಿಬಲ್ ಲೆಕ್ಕಕ್ಕೆ ಮತ್ತೆ ತನಿಖೆ ಮಾಡದೆ ಹಿಡಿಯಬೇಕು. ನಿವೃತ್ತಿಗೆ ಮೊದಲು ಗುಂಪು ವಿಮೆಯಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಗೆ ಜಮಾ ಮಾಡಬೇಕು. ಗುಂಪಿನಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾದರೆ ಹಳೆಯ ವರ್ಷಗಳಿಗೆ ಬೆಲೆ ಸಿಗುತ್ತದೆ ಎಂದು ನಿಮ್ಮ ನಿಯಮ ಈಗಲೂ ಇದೆ. ನನ್ನ ಜೊತೆ ನಿವೃತ್ತರಾದವರಲ್ಲಿ ಅದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಬೀಳ್ಕೊಡುಗೆಯ ದಿನ ಹಾರ, ಶಾಲು, ಗಡಿಯಾರ ಕೊಟ್ಟರು. ಈ ವಿಷಯದ ಒಂದು ಚೀಟಿ ಕೊಟ್ಟಿದ್ದರೆ ಗಡಿಯಾರಕ್ಕಿಂತ ಬಾಳಿಕೆ ಬರುತ್ತಿತ್ತು.

ಮಾದರಿ ಪಾಲಿಸಿ ತರುವವರೆಗೆ, ಪ್ರತಿ ಕ್ಲೇಮಿಗೆ ಡಿಡಕ್ಟಿಬಲ್ ಇರುವ ಟಾಪ್-ಅಪ್ ಅನ್ನು 60 ದಾಟಿದವರಿಗೆ ಮಾರುವಾಗ ಒಂದು ಲೆಕ್ಕದ ಉದಾಹರಣೆ ಕೊಡುವುದನ್ನಾದರೂ ಕಡ್ಡಾಯ ಮಾಡಿ. “ನೀವು ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿ, ಪ್ರತಿ ಸಲ 2,50,000 ಖರ್ಚಾದರೆ, ಈ ಪಾಲಿಸಿ ಕೊಡುವುದು: 0.” ಇಷ್ಟು ಸಾಕು. ಆ ಸೊನ್ನೆ ದೊಡ್ಡ ಅಕ್ಷರದಲ್ಲಿ ಇರಲಿ. ನಾನು ಆ ಸೊನ್ನೆ ನೋಡಿದ್ದರೆ ಸಹಿ ಹಾಕುತ್ತಿರಲಿಲ್ಲ. ಮಾಹಿತಿ ಹಾಳೆಯನ್ನು ನಾವು ಕೇಳದೆಯೇ ಕನ್ನಡದಲ್ಲಿ ಕೊಡಲಿ. ಪ್ರಸ್ತಾವ ಅರ್ಜಿಯಲ್ಲಿ ಯಾವ ಭಾಷೆ ಬೇಕು ಎಂದು ಒಂದು ಚೌಕ ಇದ್ದರೆ ಆಗಿಹೋಯಿತು. ಮಗಳ ಮದುವೆಯ ಪತ್ರಿಕೆ ಯಾವ ಭಾಷೆಯಲ್ಲಿ ಬೇಕು ಎಂದು ಅಚ್ಚುಮನೆಯವರೂ ಕೇಳುತ್ತಾರೆ.

ಕ್ಲೇಮಿನ ಓಡಾಟದ ಬಗ್ಗೆಯೂ ಹೇಳಬೇಕು. ಎರಡು ಪಾಲಿಸಿ ಇದ್ದಾಗ ಮೊದಲ ಕಂಪನಿಯೇ ಉಳಿದ ಹಣಕ್ಕಾಗಿ ಎರಡನೆಯ ಕಂಪನಿಯ ಜೊತೆ ಹೊಂದಾಣಿಕೆ ಮಾಡಿಕೊಡಬೇಕು ಎಂದು 2024ರ ನಿಮ್ಮ ಸುತ್ತೋಲೆ ಹೇಳುತ್ತದೆ. ನನ್ನ ಅನುಭವದಲ್ಲಿ ಹೊಂದಾಣಿಕೆ ಮಾಡಿದ್ದು ನನ್ನ ಸ್ಕೂಟರ್. ಡಿಸ್ಚಾರ್ಜ್ ಸಾರಾಂಶ, ದೃಢೀಕರಿಸಿದ ಬಿಲ್ಲಿನ ನಕಲು, ಮೊದಲ ಕಂಪನಿ ಎಷ್ಟು ಕೊಟ್ಟಿತು ಎಂಬ ಪತ್ರ, ಪ್ರತಿಯೊಂದಕ್ಕೂ ಒಂದೊಂದು ದಿನ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಹುಡುಗಿಗೆ ನನ್ನ ಹೆಸರು ಬಾಯಿಪಾಠ ಆಗಿತ್ತು. ಹೆಂಡತಿ ಐಸಿಯುನಿಂದ ಹೊರಗೆ ಬಂದ ವಾರ ನಾನು ಅವಳ ಪಕ್ಕದಲ್ಲಿ ಇದ್ದದ್ದಕ್ಕಿಂತ ಜೆರಾಕ್ಸ್ ಅಂಗಡಿಯಲ್ಲಿ ಇದ್ದದ್ದೇ ಜಾಸ್ತಿ. ಆ ನಿಯಮ ಕಾಗದದಿಂದ ಕೌಂಟರಿಗೆ ಇಳಿಯಲಿ.

ಇನ್ನೊಂದು ಪ್ರಶ್ನೆ, ಉತ್ತರ ನಿಜಕ್ಕೂ ಬೇಕಾಗಿದೆ. 70 ದಾಟಿದವರಿಗೆ ಆಯುಷ್ಮಾನ್ ವಯ ವಂದನಾ ಕಾರ್ಡಿನಲ್ಲಿ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು 2024ರ ಅಕ್ಟೋಬರ್ 29ರಂದು ಯೋಜನೆ ಶುರುವಾಯಿತು. ಖಾಸಗಿ ವಿಮೆ ಇದ್ದವರಿಗೂ ಅದು ಸಿಗುತ್ತದೆ. ನನಗೆ ಇನ್ನು ಮೂರು ವರ್ಷ. ಆಗ ಆ ಕಾರ್ಡಿನಲ್ಲಿ ಆದ ಖರ್ಚನ್ನು ನನ್ನ ಸೂಪರ್ ಟಾಪ್-ಅಪ್ ಡಿಡಕ್ಟಿಬಲ್ ಲೆಕ್ಕಕ್ಕೆ ಹಿಡಿಯುತ್ತದೆಯೇ? ಹಿಡಿಯುತ್ತದೆ ಎಂದಾದರೆ ಎಷ್ಟೋ ಜನ ದುಬಾರಿ ಮೂಲ ಪಾಲಿಸಿ ಬಿಟ್ಟು, ಕಾರ್ಡು ಮತ್ತು ಒಂದು ಸೂಪರ್ ಟಾಪ್-ಅಪ್ ಇಟ್ಟುಕೊಂಡು ನೆಮ್ಮದಿಯಾಗಿ ಇರಬಹುದು. ಇಲ್ಲ ಎಂದಾದರೆ ಈಗಲೇ ಹೇಳಿಬಿಡಿ. ನಾನು ಕೇಳಿದ ಮೂವರು ಏಜೆಂಟರು ಮೂರು ಉತ್ತರ ಕೊಟ್ಟರು. ನಿಮ್ಮದು ಒಂದೇ ಉತ್ತರ, ಬರಹದಲ್ಲಿ, ಎಲ್ಲ ಕಂಪನಿಗಳಿಗೂ ಅನ್ವಯಿಸುವ ಹಾಗೆ ಬರಲಿ.

ಹಾಗಾದರೆ ವಿಮಾ ದೂರುಗಳನ್ನು ವಿಚಾರಿಸುವ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದಿತ್ತಲ್ಲ ಎಂದು ನಿಮ್ಮ ಕಚೇರಿಯವರು ಕೇಳಬಹುದು. ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ ಎಂಬುದು ನನಗೆ ಗೊತ್ತು. ಔಷಧಿಗೆ ಕತ್ತರಿ ಬಿದ್ದ ಗೆಳೆಯರನ್ನು ಕಂಪನಿ ಉತ್ತರ ಕೊಡದಿದ್ದರೆ ಅಲ್ಲಿಗೇ ಕಳಿಸುತ್ತೇನೆ. ನನ್ನದು ಅಲ್ಲಿ ನಿಲ್ಲುವ ಪ್ರಕರಣ ಅಲ್ಲ. ಕರಾರಿನ ಪ್ರಕಾರ ಕಂಪನಿ ಸರಿ. ತಪ್ಪು ಇರುವುದು ಕರಾರಿನ ಆಕಾರದಲ್ಲಿ. ಅದನ್ನು ತಿದ್ದುವ ಅಧಿಕಾರ ನಿಮಗೆ ಮಾತ್ರ ಇದೆ. ಅದಕ್ಕೇ ಈ ಪತ್ರ ನಿಮಗೆ, ಎಲ್ಲರ ಎದುರು.

ಹೋದ ಹಣ ವಾಪಸ್ ಕೊಡಿಸಿ ಎಂದು ನಾನು ಕೇಳುತ್ತಿಲ್ಲ. ನನ್ನ ಟಾಪ್-ಅಪ್ ಬರುವ ಏಪ್ರಿಲ್‌ನಲ್ಲಿ ನವೀಕರಣಕ್ಕೆ ಬರುತ್ತದೆ. ಅದನ್ನು ಬಿಟ್ಟು ಸೂಪರ್ ಟಾಪ್-ಅಪ್‌ಗೆ ಅರ್ಜಿ ಹಾಕಿದ್ದೇನೆ. ಒಂದು ಕಂಪನಿ ಹೆಂಡತಿಯ ಡಿಸ್ಚಾರ್ಜ್ ಸಾರಾಂಶ ನೋಡಿ ಆಗುವುದಿಲ್ಲ ಎಂದಿತು. ಇನ್ನೊಂದು ಕಂಪನಿ ಹೊಸ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಕೇಳಿದೆ. ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಬೇಕು. ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಕೊಡಿ ಎಂದು ಈ ಸಲ ಅರ್ಜಿಯ ಮೇಲೆಯೇ ಕೈಯಲ್ಲಿ ಬರೆದಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಕೌಂಟ್ಸ್ ನೌಕರ